ದಿಗಿಣ ಹಾರಿದರೆ ಮೊಣಗಂಟು ಸವೆಯುತ್ತದಾ?

ಓದುಗರ ಪ್ರಶ್ನೆ:

"ನನಗೆ 44 ವರ್ಷ. ಬದಿಯಡ್ಕದ ಹತ್ತಿರ ಮನೆ. ಎಂಟನೇ ತರಗತಿಯ ಮಗಳು ಶಾಲಾ ಕಲೋತ್ಸವಕ್ಕೆಂದು ಯಕ್ಷಗಾನದ ತೆಂಕುತಿಟ್ಟು ಶೈಲಿಯ ನಾಟ್ಯ ಕಲಿಯಲು ಹೋಗುತ್ತಿದ್ದಳು. ಅವಳನ್ನು ಬಿಡಲು ಹೋಗಿ, ಹೊರಗೆ ಕೂತು ನೋಡಿ ನೋಡಿ, ಏಳು ತಿಂಗಳ ಹಿಂದೆ ನಾನೂ ಸೇರಿದೆ. ಭಾನುವಾರ ಒಂದೂವರೆ ಗಂಟೆ ತರಗತಿ. ಆಗ ಏನೂ ತೊಂದರೆ ಇರಲಿಲ್ಲ. ಈಗ ಹೆಂಗಸರದ್ದೇ ತಂಡ ಮಾಡಿ ಊರಿನ ಉತ್ಸವಕ್ಕೆ ಯಕ್ಷಗಾನ ಆಟ ಆಡುವುದೆಂದು ತೀರ್ಮಾನವಾಗಿದೆ, ನನ್ನದು ಅಭಿಮನ್ಯು. ಮೂರು ವಾರದಿಂದ ದಿನಾ ಸಂಜೆ ಎರಡು ಗಂಟೆ ಅಭ್ಯಾಸ, ಸಭಾಂಗಣದ ಟೈಲ್ಸ್ ನೆಲದ ಮೇಲೆ. ಎಡ ಮೊಣಗಂಟಿನ ಮುಂಭಾಗ, ಚಿಪ್ಪಿನ ಸುತ್ತ ನೋವು ಶುರುವಾಗಿದೆ. ಮನೆಯಿಂದ ರಸ್ತೆಗೆ ಮೆಟ್ಟಿಲು ಇಳಿಯುವಾಗ ಜಾಸ್ತಿ. ಅಡಿಕೆ ಸುಲಿಯಲು ಕೂತು ಏಳುವಾಗಲೂ ಇದೆ. ಬಾವು ಇಲ್ಲ. ಎಕ್ಸ್‌ರೇ ನೋಡಿ ವೈದ್ಯರು 'ಸ್ವಲ್ಪ ಸವೆತ ಶುರುವಾಗಿದೆ, ಕುಣಿತ ಬಿಡಿ' ಅಂದರು. ಹೆಂಗಸರು ಹಾರಿದರೆ ಗರ್ಭಕೋಶ ಜಾರುತ್ತದೆ ಅಂತ ಅತ್ತೆ ಹೇಳುತ್ತಾರೆ. ಹಾರುವಾಗ ಒಂದೆರಡು ಹನಿ ಮೂತ್ರ ಹೋಗುವುದು ಹೌದು, ಅದನ್ನು ನಾನು ಯಾರಿಗೂ ಹೇಳಿಲ್ಲ. ಸಕ್ಕರೆ ಗಡಿಯಲ್ಲಿದೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.1. ಮಾತ್ರೆ ಇಲ್ಲ. ಕುಣಿದರೆ ಸಕ್ಕರೆ ತಾನಾಗಿ ಹೋಗುತ್ತದೆ ಅಂತ ತಂಡದವರ ಮಾತು. ಆಟಕ್ಕೆ ಇನ್ನು ಎಂಟು ವಾರ ಇದೆ. ನಾನು ಬಿಡಬೇಕಾ? ಮಗಳಿಗೂ ಹೀಗೇ ಆಗಬಹುದಾ?"

ಉತ್ತರ:

ಬಿಡಬೇಕಾಗಿಲ್ಲ. ಆದರೆ ಈಗ ಮಾಡುತ್ತಿರುವ ಹಾಗೆಯೇ ಮುಂದುವರಿಸಿದರೆ ಎಂಟು ವಾರ ಕಳೆಯುವಾಗ ನೀವು ರಂಗಸ್ಥಳದಲ್ಲಿರುವ ಬದಲು ಮುಂದಿನ ಸಾಲಿನ ಕುರ್ಚಿಯಲ್ಲಿ ಇರುತ್ತೀರಿ. ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಕಾಸರಗೋಡು ಭಾಗದಲ್ಲೇ ಹದಿನೆಂಟು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಸಣ್ಣವಳಿದ್ದಾಗ ನಾಟ್ಯ ಕಲಿತು ಬಾಲಗೋಪಾಲ ವೇಷ ಕಟ್ಟಿದವಳು, ಹಾಗಾಗಿ ಚೆಂಡೆಯ ಪೆಟ್ಟು ಕೇಳಿದ ಕೂಡಲೇ ಕಾಲು ಸುಮ್ಮನೆ ನಿಲ್ಲುವುದಿಲ್ಲ ಅನ್ನುವುದು ನನಗೆ ಗೊತ್ತು. ನನ್ನ ಹತ್ತಿರ ಯಕ್ಷಗಾನದವರು ಎರಡು ಹೊತ್ತಿನಲ್ಲಿ ಬರುತ್ತಾರೆ. ಪತ್ತನಾಜೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಮೇಳದ ಕಲಾವಿದರು ಬರುತ್ತಾರೆ. ಅವರದ್ದು ಹೆಚ್ಚಾಗಿ ಕುತ್ತಿಗೆ, ಸೊಂಟ, ಹಿಮ್ಮಡಿ, ಆರು ತಿಂಗಳು ನಿದ್ದೆಗೆಟ್ಟ ದಣಿವು. ಇನ್ನೊಂದು, ಉತ್ಸವ, ವಾರ್ಷಿಕೋತ್ಸವ ಹತ್ತಿರ ಬಂದಾಗ ಹವ್ಯಾಸಿಗಳು. ಅವರಲ್ಲಿ ಹೆಚ್ಚಿನವರು ಹೇಳುವುದು ನಿಮ್ಮ ಕಥೆಯನ್ನೇ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಆರು ತಿಂಗಳು ನೀವು ವಾರಕ್ಕೆ ಒಂದೂವರೆ ಗಂಟೆ ಕುಣಿದಿರಿ. ಈಗ ದಿನಾ ಎರಡು ಗಂಟೆ, ಅಂದರೆ ವಾರಕ್ಕೆ 14 ಗಂಟೆ. ಒಮ್ಮೆಗೇ ಒಂಬತ್ತು ಪಟ್ಟು! ತೋಟದ ಕೆಲಸಕ್ಕೆ ಹೊಸದಾಗಿ ಬಂದವನಿಗೆ ಮೊದಲ ವಾರವೇ ಒಂಬತ್ತು ಆಳಿನ ಕೆಲಸ ಕೊಟ್ಟರೆ ಅವನ ಬೆನ್ನು ಏನಾಗಬೇಕು? ಉಸಿರಾಟ ಎರಡು ಮೂರು ವಾರದಲ್ಲಿ ಸುಧಾರಿಸುತ್ತದೆ. ಸ್ನಾಯುಗಳಿಗೆ ಇನ್ನೂ ಸ್ವಲ್ಪ ಸಮಯ ಬೇಕು. ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು, ಎಲುಬು, ಗಂಟು, ಇವು ಬಹಳ ನಿಧಾನ, ಅವಕ್ಕೆ ತಿಂಗಳುಗಳೇ ಬೇಕು. ಉಸಿರು ಸಾಕಾಗುತ್ತಿದೆ, ಇನ್ನೂ ಕುಣಿಯಬಹುದು ಅಂತ ನಮಗೆ ಅನಿಸುವುದು ಸರಿಯಾಗಿ ಈ ಹೊತ್ತಿನಲ್ಲೇ. ಗಂಟು ಮಾತ್ರ ಹಿಂದೆ ಉಳಿದಿರುತ್ತದೆ.

ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ, ಅಂದರೆ ಚಿಪ್ಪಿನ ಸುತ್ತ ನೋವು, ಇಳಿಯುವಾಗ ಜಾಸ್ತಿ, ಕೂತು ಏಳುವಾಗ ಜಾಸ್ತಿ, ಬಾವು ಇಲ್ಲ, ಇದು ಚಿಪ್ಪಿನ ಹಿಂದಿನ ಒತ್ತಡ ತಾಳಲಾರದ ನೋವಿನ ಹಾಗೆ ಕಾಣುತ್ತದೆ. ಮುಟ್ಟಿ ನೋಡದೆ ಖಂಡಿತ ಅನ್ನಲಾರೆ, ಒಮ್ಮೆ ಯಾರಾದರೂ ಫಿಸಿಯೋಗೆ ತೋರಿಸಿ. ಬಾವಿಯ ರಾಟೆಯ ಮೇಲೆ ಹಗ್ಗ ಜಾರುತ್ತದಲ್ವಾ, ಹಾಗೆ ತೊಡೆಯ ಮುಂದಿನ ಸ್ನಾಯುವಿನ ಎಳೆತ ಈ ಚಿಪ್ಪಿನ ಮೇಲಿನಿಂದ ಹಾದುಹೋಗುತ್ತದೆ. ಗಂಟು ಹೆಚ್ಚು ಮಡಿಸಿದಷ್ಟೂ ಚಿಪ್ಪು ಹಿಂದಕ್ಕೆ ಒತ್ತುತ್ತದೆ. ನಮ್ಮ ತಿಟ್ಟಿನಲ್ಲಿ ಗಂಟು ಬಗ್ಗಿಸಿ ಅರೆ ಕೂತ ನಿಲುವೇ ಜಾಸ್ತಿ. ಅದರ ಮೇಲೆ ದಿಗಿಣ, ಅಂದರೆ ಸುತ್ತು ಸುತ್ತಾಗಿ ಹಾರುವ ಕುಣಿತ. ಹಾರಿ ಇಳಿಯುವಾಗ ಕಾಲಿನ ಮೇಲೆ ಬೀಳುವ ಬಲ ಮೈತೂಕದ ಎರಡು ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. 60 ಕಿಲೋದವರಿಗೆ ಒಂದು ಕ್ಷಣ 120ರಿಂದ 180 ಕಿಲೋ. ಒಂದು ಸುತ್ತಿಗೆ 20 ಸಲ ಹಾರಿದರೆ 20 ಸಲ ಅಷ್ಟು.

ನೆಲದ ವಿಷಯವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಆಟ ಹುಟ್ಟಿ ಬೆಳೆದದ್ದು ಬಯಲಿನಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ. ಆ ಮಣ್ಣು ಪೆಟ್ಟನ್ನು ಸ್ವಲ್ಪ ನುಂಗುತ್ತದೆ. ಹಲಗೆಯ ರಂಗಸ್ಥಳವೂ ಸ್ವಲ್ಪ ಬಗ್ಗಿ ಕೊಡುತ್ತದೆ. ಕಾಂಕ್ರೀಟಿನ ಮೇಲೆ ಅಂಟಿಸಿದ ಟೈಲ್ಸ್ ಏನನ್ನೂ ನುಂಗುವುದಿಲ್ಲ, ಪೂರ್ತಿ ನಿಮ್ಮ ಕಾಲಿಗೇ ವಾಪಸು ಕೊಡುತ್ತದೆ, ಬೆವರು ಬಿದ್ದರೆ ಜಾರುತ್ತದೆ ಬೇರೆ. ದಿಗಿಣದ ಅಭ್ಯಾಸವನ್ನಾದರೂ ಮಣ್ಣಿನ ಅಂಗಳಕ್ಕೆ ಹಾಕಿಕೊಳ್ಳಿ. ಮಳೆ ಇದ್ದರೆ ಶಾಲೆಗಳಲ್ಲಿ ಇರುವ ದಪ್ಪ ರಬ್ಬರ್ ಮ್ಯಾಟ್ ಕೇಳಿ ತನ್ನಿ, ಆದರೆ ಅದು ನೆಲದ ಮೇಲೆ ಸರಿಯದ ಹಾಗೆ ನೋಡಿಕೊಳ್ಳಿ. ಮೆತ್ತನೆ ಹಾಸಿಗೆಯಂಥದ್ದು ಬೇಡ, ಅದರಲ್ಲಿ ಪಾದ ಹೊರಳಿ ಉಳುಕುತ್ತದೆ.

ಅಡಿಕೆ ಸುಲಿಯುವುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಎರಡು ಗಂಟೆ ಗಂಟು ಮಡಿಸಿ ಕೂತು, ಎದ್ದು, ಅದೇ ಸಂಜೆ ಎರಡು ಗಂಟೆ ಕುಣಿದರೆ ಗಂಟಿಗೆ ಬಿಡುವೇ ಇಲ್ಲ. ಈ ಎಂಟು ವಾರ ಮಣೆ ಬಿಟ್ಟು ಎತ್ತರದ ಸ್ಟೂಲಿನಲ್ಲಿ ಕೂತು ಸುಲಿಯಿರಿ.

ಇನ್ನು 'ಸವೆತ'. ಈ ಶಬ್ದ ಕೇಳಿ ಹೆದರಿ ಕುಣಿತ, ನಡಿಗೆ ಎಲ್ಲ ಬಿಟ್ಟು ಮೂಲೆಯಲ್ಲಿ ಕೂತವರನ್ನು ನಾನು ಬಹಳ ನೋಡಿದ್ದೇನೆ, ಪ್ರತಿ ಸಲವೂ ಬೇಜಾರಾಗುತ್ತದೆ. ನಲವತ್ತು ದಾಟಿದವರ ಎಕ್ಸ್‌ರೇ ತೆಗೆದರೆ ಒಂದಿಷ್ಟೂ ನೋವಿಲ್ಲದವರಲ್ಲೂ ಇಂಥ ಬದಲಾವಣೆ ಕಾಣುತ್ತದೆ. ಎಕ್ಸ್‌ರೇಗೂ ನೋವಿಗೂ ತಾಳ ಸೇರುವುದು ಕಡಿಮೆ. ನಮ್ಮ ಗಂಟು ಸೈಕಲ್ಲಿನ ಟಯರ್ ಅಲ್ಲ, ಓಡಿದಷ್ಟೂ ಸವೆಯಲಿಕ್ಕೆ. ಎಲುಬಿನ ತುದಿಯ ನುಣುಪು ಪದರಕ್ಕೆ, ಕಾರ್ಟಿಲೇಜ್ ಅಂತಾರಲ್ಲ ಅದಕ್ಕೆ, ರಕ್ತನಾಳವೇ ಇಲ್ಲ. ಭಾರ ಬಿದ್ದು ಬಿಟ್ಟು, ಬಿದ್ದು ಬಿಟ್ಟು ಆಗುವಾಗ ಗಂಟಿನೊಳಗಿನ ದ್ರವ ಒಳಗೆ ಹೊರಗೆ ಹೋಗಿ ಅದಕ್ಕೆ ಆಹಾರ ಸಿಗುವುದು. ಅಂದರೆ ಅದಕ್ಕೆ ಚಲನೆ ಬೇಕು. ಹವ್ಯಾಸಕ್ಕೆ ಓಡುವವರಲ್ಲಿ ಗಂಟು ಸವೆತದ ಕಾಯಿಲೆ ಕೂತೇ ಇರುವವರಿಗಿಂತ ಹೆಚ್ಚಿಲ್ಲ, ಕಡಿಮೆಯೇ ಇದೆ ಎಂದು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು ಹೇಳಿದ್ದಾರೆ. ಹಾಗಂತ ಅಪಾಯವೇ ಇಲ್ಲ ಅಂತಲ್ಲ. ಹಿಂದೆ ಗಂಟಿನ ಒಳಗೆ ದೊಡ್ಡ ಪೆಟ್ಟಾಗಿದ್ದರೆ, ಮೈತೂಕ ತುಂಬ ಜಾಸ್ತಿ ಇದ್ದರೆ, ಅಥವಾ ವರ್ಷಗಟ್ಟಲೆ ಬಿಡುವಿಲ್ಲದೆ ವೃತ್ತಿಯಾಗಿ ಹಾರಿದರೆ ಸವೆತ ಬೇಗ ಬರಬಹುದು.

ಕುಣಿಯುವಾಗ ನಿಜವಾಗಿ ಗಂಟಿಗೆ ಪೆಟ್ಟು ಕೊಡುವ ತಪ್ಪು ಬೇರೆಯೇ ಇದೆ. ಪಾದವನ್ನು ನೆಲಕ್ಕೆ ಊರಿಟ್ಟು ಮೇಲಿನ ಮೈಯನ್ನು ಮಾತ್ರ ತಿರುಗಿಸುವುದು. ಆಗ ಗಂಟಿನೊಳಗಿನ ಮೆತ್ತೆ ಹರಿಯಬಹುದು. ಕಾಲು ಅಗಲಿಸಿ ನಿಲ್ಲುವಾಗ ಚಿಪ್ಪು ಯಾವಾಗಲೂ ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಅಗಲಿಸುವುದು ತೊಡೆಯ ಬುಡದಿಂದ, ಗಂಟಿನಿಂದ ಅಲ್ಲ. ಗುರುಗಳಿಗೆ ಹೇಳಿ, ಇಳಿಯುವಾಗ ನಿಮ್ಮ ಎಡ ಗಂಟು ಒಳಗೆ ವಾಲುತ್ತದಾ ಎಂದು ನೋಡಲಿ, ಅಥವಾ ಮಗಳ ಕೈಯಲ್ಲಿ ಮೊಬೈಲಿನಲ್ಲಿ ಎದುರಿನಿಂದ ವಿಡಿಯೋ ತೆಗೆಸಿ. ಇನ್ನೊಂದು, ಶಬ್ದ ಕೇಳಿ. ಧಡ್ ಅಂತ ಬಿದ್ದರೆ ಪೆಟ್ಟು ಗಂಟಿಗೆ. ಗೆಜ್ಜೆ ಮಾತ್ರ ಕೇಳಿ ಪಾದದ ಸಪ್ಪಳ ಕೇಳದ ಹಾಗೆ ಮುಂಗಾಲಿನಿಂದ ಇಳಿದು ಗಂಟು ಬಗ್ಗಿಸಿದರೆ ಮೀನಖಂಡ, ತೊಡೆ ಪೆಟ್ಟನ್ನು ಹಂಚಿಕೊಳ್ಳುತ್ತವೆ. ಹಳೆಯ ಪುಂಡುವೇಷಧಾರಿಗಳನ್ನು (ಅಭಿಮನ್ಯುವಿನಂಥ ತರುಣ ವೀರರ ಪಾತ್ರ ಮಾಡುವವರನ್ನು) ಗಮನಿಸಿ, ಅವರು ಇಳಿಯುವುದು ಬೆಕ್ಕಿನ ಹಾಗೆ.

ಈಗ ನೀವು ಯಾರಿಗೂ ಹೇಳದ ವಿಷಯ. ಹೇಳಿದ್ದು ಒಳ್ಳೆಯದಾಯಿತು. ಹೆತ್ತ ಹೆಂಗಸರಲ್ಲಿ ಹಾರುವಾಗ, ಕೆಮ್ಮುವಾಗ, ನಗುವಾಗ ಹನಿ ಮೂತ್ರ ಹೋಗುವುದು ಬಹಳ ಸಾಮಾನ್ಯ. ನಾಚಿಕೆ ಪಡುವ ಸಂಗತಿಯೇ ಅಲ್ಲ. ಗರ್ಭಕೋಶ ಮತ್ತು ಮೂತ್ರಚೀಲವನ್ನು ಕೆಳಗಿನಿಂದ ತೊಟ್ಟಿಲಿನ ಹಾಗೆ ಹಿಡಿದಿರುವ ಸ್ನಾಯುಗಳಿವೆ, ಹೆರಿಗೆಯಲ್ಲಿ ಅವು ಹಿಗ್ಗಿ ಸಡಿಲವಾಗಿರುತ್ತವೆ. ಗರ್ಭಕೋಶ ಜಾರುವುದಕ್ಕೆ ಮುಖ್ಯ ಕಾರಣ ಸಹಜ ಹೆರಿಗೆಗಳು, ವಯಸ್ಸು, ಮುಟ್ಟು ನಿಲ್ಲುವ ಸಮಯದ ಬದಲಾವಣೆ, ಬೊಜ್ಜು, ವರ್ಷಗಟ್ಟಲೆ ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ದಿನಾ ಭಾರ ಎತ್ತುವುದು. ಅತ್ತೆಯವರ ಕಾಲದಲ್ಲಿ ಹೆತ್ತು ಸ್ವಲ್ಪ ದಿನಕ್ಕೇ ಸೊಪ್ಪಿನ ಹೊರೆ ಹೊತ್ತವರು ಎಷ್ಟು ಜನ! ಅವರು ಕಂಡದ್ದು ಸುಳ್ಳಲ್ಲ, ಆದರೆ ಅದರ ಹೊಣೆಯನ್ನು ಕುಣಿತದ ತಲೆಗೆ ಕಟ್ಟುವುದು ಸರಿಯಲ್ಲ. ಹಾರಿದ ಮಾತ್ರಕ್ಕೆ ಗಟ್ಟಿ ಇದ್ದ ಗರ್ಭಕೋಶ ಜಾರುವುದಿಲ್ಲ. ಆದರೆ ಆ ಸ್ನಾಯು ಮೊದಲೇ ಸಡಿಲ ಇದ್ದರೆ ಹಾರುವುದು ತೊಂದರೆಯನ್ನು ಎತ್ತಿ ತೋರಿಸುತ್ತದೆ, ಜಾಸ್ತಿಯೂ ಮಾಡಬಹುದು. ಕೆಳಗೆ ಏನೋ ಜೋತು ಬಿದ್ದ ಹಾಗೆ, ಚೆಂಡಿನ ಮೇಲೆ ಕೂತ ಹಾಗೆ ಅನಿಸಿದರೆ ದಿಗಿಣ ನಿಲ್ಲಿಸಿ ಸ್ತ್ರೀರೋಗ ವೈದ್ಯರನ್ನು ನೋಡಿ.

ಅಂಥದ್ದೇನೂ ಇಲ್ಲದಿದ್ದರೆ ವ್ಯಾಯಾಮ ಸುಲಭ. ಮೂತ್ರ ಮತ್ತು ಗಾಳಿ ಎರಡನ್ನೂ ತಡೆಯುವ ಹಾಗೆ ಆ ಜಾಗವನ್ನು ಒಳಕ್ಕೆ, ಮೇಲಕ್ಕೆ ಎಳೆದು ಐದಾರು ಸೆಕೆಂಡ್ ಹಿಡಿದು ಬಿಡುವುದು. ಒಮ್ಮೆಗೆ ಎಂಟರಿಂದ ಹತ್ತು, ದಿನಕ್ಕೆ ಮೂರು ಸಲ. ಹೊಟ್ಟೆ, ತೊಡೆ ಬಿಗಿ ಮಾಡಬಾರದು, ಉಸಿರು ಹಿಡಿಯಬಾರದು. ಮೂತ್ರ ಮಾಡುತ್ತಿರುವಾಗಲೇ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಪೂರ್ತಿ ಫಲ ಕಾಣಲು ಮೂರು ತಿಂಗಳು ಬೇಕು, ಆದರೆ ಎಂಟು ವಾರದಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ. ಹಾರುವ ಮುಂಚೆ ಉಸಿರು ಬಿಡುತ್ತಾ ಅದನ್ನು ಎಳೆದುಕೊಳ್ಳುವುದನ್ನು ರೂಢಿ ಮಾಡಿ. ಹನಿ ಹೋಗುತ್ತದೆಂದು ನೀರು ಕುಡಿಯುವುದನ್ನು ಬಿಡಬೇಡಿ, ಇದು ನಾನು ಕಾಣುವ ಅತಿ ಸಾಮಾನ್ಯ ತಪ್ಪು.

ಸಕ್ಕರೆಯ ಬಗ್ಗೆ ತಂಡದವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ. ಕುಣಿದ ಮೇಲೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಗುಣ ಒಂದೆರಡು ದಿನ ಉಳಿಯುತ್ತದೆ, ಆಮೇಲೆ ಇಳಿಯುತ್ತದೆ. ಹಾಗಾಗಿ ಭಾನುವಾರ ಮಾತ್ರ ಕುಣಿದರೆ ಸಾಲದು, ದಿನ ಬಿಟ್ಟು ದಿನ ಏನಾದರೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ. ಕುಣಿಯುತ್ತಾ ಮಾತಾಡಬಹುದು, ಹಾಡಲಾಗದು ಅಂತಾದರೆ ಅದು ಮಧ್ಯಮ. ಒಂದೆರಡು ಶಬ್ದಕ್ಕೇ ಉಸಿರು ಕಟ್ಟಿದರೆ ಜೋರು. ಯುದ್ಧದ ಪದ್ಯಕ್ಕೆ ಕುಣಿದು ಆ ಏದುಸಿರಿನಲ್ಲೇ ಅರ್ಥ (ಪಾತ್ರದ ಮಾತು) ಹೇಳಬೇಕಾಗುತ್ತದಲ್ವಾ, ಹೃದಯಕ್ಕೂ ಶ್ವಾಸಕೋಶಕ್ಕೂ ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ಗೊತ್ತಿಲ್ಲ. ಆದರೆ ಅಭ್ಯಾಸ ಮುಗಿದ ಮೇಲೆ ಎಲ್ಲರೂ ಕೂತು ಗೋಳಿಬಜೆ, ಸಕ್ಕರೆ ಹಾಕಿದ ಚಹಾ ಅಂತಾದರೆ ಗಳಿಸಿದ್ದು ಅಲ್ಲೇ ಹೋಯಿತು. ನಿಮ್ಮ 6.1 ಸಕ್ಕರೆ ಕಾಯಿಲೆಯ ಹಿಂದಿನ ಹಂತ. 5.7ರಿಂದ 6.4ರ ನಡುವೆ ಇರುವವರು ತೂಕ, ಊಟ, ಶ್ರಮ ನೋಡಿಕೊಂಡರೆ ಅಲ್ಲೇ ನಿಲ್ಲಿಸಬಹುದು, ಕೆಲವರದ್ದು ಇಳಿಯುವುದೂ ಇದೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿದರೆ ಸತ್ಯ ಗೊತ್ತಾಗುತ್ತದೆ. ನಿಮ್ಮ ತಂಡದಲ್ಲಿ ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಅವರು ಮದ್ದನ್ನು ತಾವಾಗಿ ನಿಲ್ಲಿಸಬಾರದು. ಕುಣಿಯುವಾಗ ಸಕ್ಕರೆ ತೀರಾ ಇಳಿದು ಕೈ ನಡುಗಿ ತಲೆ ತಿರುಗಬಹುದು, ಜೊತೆಯಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ.

ನಿಮ್ಮ ವಯಸ್ಸಿಗೆ ಕುಣಿತದ ದೊಡ್ಡ ಲಾಭ ಎಲುಬಿಗೆ. ಮುಟ್ಟು ನಿಲ್ಲುವ ಹೊತ್ತಿಗೆ ಎಲುಬಿನ ಸಾಂದ್ರತೆ ವೇಗವಾಗಿ ಇಳಿಯುತ್ತದೆ. ನೆಲಕ್ಕೆ ಹೆಜ್ಜೆ ಬೀಳುವ ಶ್ರಮ ಎಲುಬನ್ನು ಉಳಿಸುತ್ತದೆ, ಈಜಿಗೆ, ಸೈಕಲ್ಲಿಗೆ ಆ ಗುಣ ಕಡಿಮೆ. ಮತ್ತೆ ತಾಳಕ್ಕೆ ಹೆಜ್ಜೆ, ಭಾಗವತರ ಪದ್ಯಕ್ಕೆ ಅಭಿನಯ, ಎದುರು ವೇಷದ ಚಲನೆ, ಮುಂದಿನ ಮಾತು, ಎಲ್ಲ ಒಟ್ಟಿಗೆ ತಲೆಯಲ್ಲಿ ಓಡಬೇಕು. 2003ರಲ್ಲಿ ನ್ಯೂಯಾರ್ಕಿನಲ್ಲಿ 75 ದಾಟಿದ 469 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಬಂತು. ದೈಹಿಕ ಚಟುವಟಿಕೆಗಳಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡದ್ದು ನೃತ್ಯ ಮಾಡುವವರಲ್ಲಿ ಮಾತ್ರ. ನೃತ್ಯದಿಂದಲೇ ಹಾಗಾಯಿತು ಎಂದು ಅದು ಸಾಬೀತು ಮಾಡುವುದಿಲ್ಲ, ಆದರೂ ನನಗೆ ಅದು ಆಶ್ಚರ್ಯ ಅನಿಸಲಿಲ್ಲ.

ಸರಿ, ಈಗ ಏನು ಮಾಡುವುದು? ಪೂರ್ತಿ ಬಿಡುವುದು ಒಂದು ದಾರಿ. ನೋವು ಎರಡು ಮೂರು ವಾರದಲ್ಲಿ ಇಳಿಯಬಹುದು, ಆದರೆ ತೊಡೆಯ ಸ್ನಾಯು ಸೊರಗುತ್ತದೆ, ತಿರುಗಿ ಹೋದ ವಾರವೇ ನೋವು ಮತ್ತೆ ಬರುತ್ತದೆ. ನೋವಿನ ಮಾತ್ರೆ ನುಂಗಿ ಕುಣಿಯುವುದು ಎರಡನೆಯದು, ಇದನ್ನು ಬೇಡ ಅಂತ ಕೈ ಮುಗಿದು ಹೇಳುತ್ತೇನೆ. ನೋವು ಹೇಳುವ ಮಾತು ಕೇಳಿಸದಂತಾಗುತ್ತದೆ, ಪೆಟ್ಟು ಒಳಗೆ ಬೆಳೆಯುತ್ತದೆ. ವೇಷ ಕಟ್ಟಿ ಬೆವರಿ ನೀರು ಕಡಿಮೆಯಾದಾಗ ಇಂಥ ಮಾತ್ರೆಗಳು ಕಿಡ್ನಿಗೆ, ಹೊಟ್ಟೆಗೆ ಹೊಡೆತ. ಎಣ್ಣೆ ತಿಕ್ಕಿಸಿದರೆ ಹಿತ ಅನಿಸುತ್ತದೆ, ಬಿಗಿದ ಸ್ನಾಯು ಸಡಿಲ ಆಗುತ್ತದೆ. ಹಿತಕ್ಕೆ ಮಾಡಿಸಿ, ಅದರಿಂದ ಸ್ನಾಯು ಗಟ್ಟಿಯಾಗುತ್ತದೆ ಅಂದುಕೊಳ್ಳಬೇಡಿ. ಬಾವು ಬಂದು ಬಿಸಿ ಇರುವ ಗಂಟನ್ನು ತಿಕ್ಕಿಸಲೇಬಾರದು. ನೀ ಕ್ಯಾಪ್ ಕೂಡ ಹಾಗೇ, ಧೈರ್ಯ ಕೊಡುತ್ತದೆ, ಕೆಲಸ ಮಾಡುವುದಿಲ್ಲ.

ನಾನು ಹೇಳುವುದು ಮೂರನೆಯದು, ಭಾರ ಇಳಿಸಿ ಮೆಲ್ಲ ಏರಿಸುವುದು. ಮೊದಲ ಎರಡು ವಾರ ದಿಗಿಣ ಇಲ್ಲ, ಪೂರ್ತಿ ಕೂರುವ ಹೆಜ್ಜೆ ಇಲ್ಲ. ಅಭ್ಯಾಸಕ್ಕೆ ಹೋಗಿ, ಕೈ, ಅಭಿನಯ, ಮಾತು ಕಲಿಯಿರಿ, ಕಾಲು ಮಾತ್ರ ದಿನ ಬಿಟ್ಟು ದಿನ ಅರ್ಧ ಗಂಟೆ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತು 30ರಿಂದ 45 ಸೆಕೆಂಡ್ ನಿಲ್ಲುವುದು, ಐದು ಸಲ. ಕಿಟಕಿಯ ಸರಳು ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, 12ರಂತೆ ಮೂರು ಸಲ. ಅಂಗಾತ ಮಲಗಿ ಗಂಟು ಮಡಿಸಿ ಸೊಂಟ ಎತ್ತುವುದು, ಅದೂ 12ರಂತೆ ಮೂರು. ಮೂರನೇ ವಾರದಿಂದ ಒಂದೇ ಕಾಲಿನ ಹಿಮ್ಮಡಿ, ಗಿಡ್ಡ ಮೆಟ್ಟಿಲಿನಿಂದ ಎಡಗಾಲಿನ ಮೇಲೆ ಭಾರ ಹಾಕಿ ಮೆಲ್ಲ ಇಳಿಯುವುದು, ಎರಡು ಕಾಲಿನಲ್ಲಿ ಸಣ್ಣ ನೆಗೆತ ಹತ್ತು ಹತ್ತು. ಒಂದೇ ಕಾಲಿನಲ್ಲಿ ಹಿಮ್ಮಡಿಯನ್ನು 15ರಿಂದ 20 ಸಲ ಎತ್ತಲು ಆಗುವ ತನಕ ದಿಗಿಣಕ್ಕೆ ಹೋಗಬೇಡಿ. ಅಷ್ಟು ಎತ್ತಲು ಆದರೆ ಐದನೇ ವಾರ ದಿನಕ್ಕೆ ಹತ್ತೇ ದಿಗಿಣ, ದಿನ ಬಿಟ್ಟು ದಿನ, ಆಮೇಲೆ ಸ್ವಲ್ಪ ಸ್ವಲ್ಪ ಸೇರಿಸಿ. ಏಳನೇ ವಾರ ಪೂರ್ತಿ ಆಟ ಒಮ್ಮೆಯೋ ಎರಡು ಸಲವೋ. ಎಂಟನೇ ವಾರ ಅರ್ಧಕ್ಕೆ ಇಳಿಸಿ, ಕೊನೆಯ ಎರಡು ದಿನ ಬರೀ ಮಾತು. ಪ್ರತಿ ಸಲವೂ ಮೊದಲು ಹತ್ತು ನಿಮಿಷ ವಿಳಂಬದಲ್ಲಿ ಹೆಜ್ಜೆ ಹಾಕಿ ಮೈ ಬಿಸಿ ಮಾಡಿಕೊಳ್ಳಿ.

ನೋವನ್ನು ಹತ್ತರಲ್ಲಿ ಅಂಕ ಹಾಕಿ. ಮೂರರ ತನಕ ಇದ್ದು ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮೊದಲಿನಷ್ಟೇ ಇದ್ದರೆ ತೊಂದರೆ ಇಲ್ಲ. ಬೆಳಿಗ್ಗೆ ಜಾಸ್ತಿ ಇದ್ದರೆ ಹಿಂದಿನ ದಿನದ್ದು ಹೆಚ್ಚಾಯಿತು ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಬನ್ನಿ. ಆರನೇ ವಾರಕ್ಕೂ ದಿಗಿಣಕ್ಕೆ ಕಾಲು ತಯಾರಾಗದಿದ್ದರೆ ಗುರುಗಳ ಹತ್ತಿರ ಮಾತಾಡಿ ನಾಲ್ಕೈದು ದಿಗಿಣಕ್ಕೆ ಇಳಿಸಿ, ಉಳಿದದ್ದನ್ನು ಹೆಜ್ಜೆಗಾರಿಕೆಯಲ್ಲಿ ತುಂಬಿಸಿ. ಅಭಿಮನ್ಯುವಿನ ವೀರ ಮುಖದಲ್ಲೂ ಮಾತಿನಲ್ಲೂ ಕಾಣಬೇಕಲ್ವಾ.

ವೇಷ ಕಟ್ಟಿ ಕುಣಿಯುವುದು ಬೇರೆಯೇ ಶ್ರಮ, ಅದನ್ನು ಆಟದ ದಿನವೇ ಮೊದಲ ಸಲ ಮಾಡಬೇಡಿ. ಎರಡು ಸಲವಾದರೂ ಗೆಜ್ಜೆ, ಕಿರೀಟ ಕಟ್ಟಿ ಅಭ್ಯಾಸ ಆಗಲಿ. ಕಿರೀಟದ ಕಟ್ಟು ಸಡಿಲ ಇದ್ದರೆ ಕುತ್ತಿಗೆ ಬಿಗಿದು ನೋಯುತ್ತದೆ, ಅತಿ ಬಿಗಿ ಆದರೆ ತಲೆನೋವು. ಎರಡು ಮೂರು ಗಂಟೆ ಮೊದಲು ಹಗುರ ಊಟ, ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಉಪ್ಪು ಹಾಕಿದ ಮಜ್ಜಿಗೆ ನೀರನ್ನು ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಬೊಂಡ (ಎಳನೀರು) ಒಂದು ಕುಡಿದರೆ ಸಾಕು, ಅದರಲ್ಲೂ ಸಕ್ಕರೆ ಇದೆ.

ಗಂಟು ಕೆಲವೇ ಗಂಟೆಯಲ್ಲಿ ಊದಿದರೆ, ಮಡಿಸಿದಲ್ಲೇ ಸಿಕ್ಕಿಬಿದ್ದರೆ, ಇದ್ದಕ್ಕಿದ್ದಂತೆ ಕುಸಿದರೆ, ಮೊಣಗಂಟಿನ ಕೆಳಗೆ ಕಾಲಿನ ಮುಂದಿನ ಎಲುಬಿನಲ್ಲಿ ಒಂದೇ ಬಿಂದು ಮುಟ್ಟಿದರೆ ನೋಯುತ್ತಿದ್ದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಈ ಬರಹವನ್ನು ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ. ಎದೆ ಹಿಡಿದ ಹಾಗಾದರೆ ಒಂದು ನಿಮಿಷವೂ ಕಾಯಬೇಡಿ. ಮೊದಲಿನಿಂದ ಬಿಪಿ, ಹೃದಯದ ತೊಂದರೆ ಇದ್ದವರು ತಂಡದಲ್ಲಿದ್ದರೆ ವೈದ್ಯರಲ್ಲಿ ಕೇಳಿಯೇ ಜೋರಾಗಿ ಕುಣಿಯಲಿ.

ಕೊನೆಗೆ ಮಗಳು. ಅವಳ ಕಥೆ ನಿಮ್ಮದಲ್ಲ. ಈ ವಯಸ್ಸಿನಲ್ಲಿ ಎಲುಬು ಉದ್ದ ಬೆಳೆಯುತ್ತಿರುತ್ತದೆ, ಸ್ನಾಯು ಅದನ್ನು ಹಿಂಬಾಲಿಸಿ ಎಳೆಯುತ್ತಿರುತ್ತದೆ, ಹಾಗಾಗಿ ಚಿಪ್ಪಿನ ಕೆಳಗೆ ಎಲುಬಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯ ಹಿಂದೆ ನೋವು ಬರುವುದುಂಟು. ಬೆಳವಣಿಗೆ ಮುಗಿಯುವಾಗ ಅದು ಹೆಚ್ಚಾಗಿ ತಾನಾಗಿ ಹೋಗುತ್ತದೆ. ಅಷ್ಟರ ತನಕ ಹಾರುವುದನ್ನು ಕಡಿಮೆ ಮಾಡಿದರೆ ಸಾಕು. ಕಲೋತ್ಸವದ ಮುಂಚಿನ ವಾರಗಳಲ್ಲಿ ಶಾಲೆಯ ಓಟ, ಕಬಡ್ಡಿ, ನಾಟ್ಯ ಎಲ್ಲವನ್ನೂ ಒಟ್ಟು ಸೇರಿಸಿ ಗಂಟೆ ಲೆಕ್ಕ ಹಾಕಿ. ಮತ್ತೆ, ನೋವಿದೆಯಾ ಅಂತ ಅವಳನ್ನು ಇವತ್ತು ರಾತ್ರಿಯೇ ನೀವಾಗಿ ಕೇಳಿ. ತಂಡದಿಂದ ತೆಗೆಯುತ್ತಾರೆ ಅನ್ನುವ ಹೆದರಿಕೆಗೆ ಮಕ್ಕಳು ತಾವಾಗಿ ಹೇಳುವುದಿಲ್ಲ.